ಆಪರೇಷನ್ ಥಿಯೇಟರ್ ಓದಿಗೆ ಬರುವ ಹುಡುಗ ಹುಡುಗಿಯರಿಗೆ

ಪಿಯುಸಿ, ನೀಟ್ ಫಲಿತಾಂಶಗಳೆರಡೂ ಬಂದ ಮೇಲೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸವದತ್ತಿಯಿಂದಲೋ ರಾಣೆಬೆನ್ನೂರಿನಿಂದಲೋ ಯಾರದೋ ಚಿಕ್ಕಪ್ಪ ಕರೆ ಮಾಡುತ್ತಾರೆ: 'ನೀಟ್‌ನಲ್ಲಿ ಸೀಟು ಸಿಗಲಿಲ್ಲ ಮೇಡಂ, ನರ್ಸಿಂಗ್ ಬೇಡವಂತೆ, ಈ ಓಟಿ, ಅಂದರೆ ಆಪರೇಷನ್ ಥಿಯೇಟರ್ ಕೋರ್ಸ್ ಹೇಗೆ? ಕೆಲಸ ಗ್ಯಾರಂಟಿಯೇ?' ನಾನು ಚಿಕ್ಕಪ್ಪನಿಗೆ ಉತ್ತರಿಸುವುದಿಲ್ಲ. 'ಓದುವವರು ಯಾರೋ ಅವರ ಕೈಗೆ ಫೋನ್ ಕೊಡಿ' ಎನ್ನುತ್ತೇನೆ. ಆಮೇಲೆ ಅಂಕ ಎಷ್ಟೆಂದು ಕೇಳುವುದಿಲ್ಲ. 'ಅಪರಿಚಿತರೊಂದಿಗೆ ಮಾತನಾಡಲು ಬರುತ್ತದೆಯೇ? ಬೆಳಗ್ಗೆ ಏಳೂವರೆಗೆ ಕೆಲಸದ ಜಾಗದಲ್ಲಿ ಇರಬಲ್ಲಿರಾ?' ಎಂದು ಕೇಳುತ್ತೇನೆ. ಅಂಕಕ್ಕಿಂತ ಈ ಎರಡು ಉತ್ತರಗಳೇ ನನಗೆ ಹೆಚ್ಚು ಹೇಳುತ್ತವೆ.

ನಾನು ಉತ್ತರ ಕರ್ನಾಟಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ (ಅನಸ್ತೇಸಿಯಾ) ತಂತ್ರಜ್ಞೆ, ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ವೈದ್ಯರಿಗೆ ನೆರವಾಗುವವಳು. ತರಬೇತಿಗೆ ಬರುವ ವಿದ್ಯಾರ್ಥಿಗಳು ವರ್ಷವಿಡೀ ನನ್ನ ಹಿಂದೆ ಮುಂದೆ ಓಡಾಡುತ್ತಿರುತ್ತಾರೆ. ಅವರಲ್ಲಿ ಹಲವರು ಇದನ್ನು ಯಂತ್ರಗಳ ಓದು ಎಂದು ಭಾವಿಸಿ ಬಂದವರು. ಯಂತ್ರಗಳೂ ಇವೆ, ನಿಜ. ಆದರೆ ಮೇಜಿನ ಮೇಲೆ ಮಲಗಿದವರು ಅರ್ಧ ಗಂಟೆಯ ಹಿಂದೆ ಬಳೆ ಬಿಚ್ಚಿ ಮಗಳ ಕೈಗೆ ಕೊಟ್ಟು ಬಂದ ಮನುಷ್ಯರು. ಯಂತ್ರ ಕಲಿಯುವುದೂ ಅವರಿಗಾಗಿಯೇ. ಈ ಕ್ರಮ ತಲೆಕೆಳಗಾದರೆ ಓದೂ ಕೆಡುತ್ತದೆ, ಕೆಲಸವೂ ಕೆಡುತ್ತದೆ.

ದಾರಿ ಯಾವುದು

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪ್ಯಾರಾ ಮೆಡಿಕಲ್ ಮಂಡಳಿಯ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದರೆ ಮೂರು ವರ್ಷ, ಪಿಯುಸಿ ವಿಜ್ಞಾನದ ನಂತರ ಸೇರಿದರೆ ಎರಡು ವರ್ಷ. ಇನ್ನೊಂದು, ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಅರಿವಳಿಕೆ ಮತ್ತು ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಬಿ.ಎಸ್ಸಿ. ಇದೆ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲೂ ಈ ಪದವಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅರಿವಳಿಕೆ ತಂತ್ರಜ್ಞಾನದ ಬಿ.ಎಸ್ಸಿ. ಇದೆ. ಸರ್ಕಾರಿ ಸೀಟು ಬೇಕಾದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ. ಎಂಜಿನಿಯರಿಂಗ್ ಗದ್ದಲದ ನಡುವೆ ಈ ಕೋರ್ಸ್‌ಗಳ ದಿನಾಂಕಗಳು ಸದ್ದಿಲ್ಲದೆ ದಾಟಿಹೋಗುತ್ತವೆ.

ಮನೆಯಲ್ಲಿ ಬೇಗ ಸಂಬಳ ಬೇಕಾದರೆ ಡಿಪ್ಲೊಮಾ ಮಾಡಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ನಾಲ್ಕು ವರ್ಷ ತಡೆದುಕೊಳ್ಳುವ ಶಕ್ತಿ ಮನೆಗಿದ್ದರೆ ಪದವಿಯೇ ಇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. 2021ರಲ್ಲಿ ಸಂಸತ್ತು ಅಲೈಡ್ (ವೈದ್ಯಕೀಯಕ್ಕೆ ಪೂರಕ) ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಶಸ್ತ್ರಚಿಕಿತ್ಸೆ ಹಾಗೂ ಅರಿವಳಿಕೆಗೆ ಸಂಬಂಧಿಸಿದ ತಂತ್ರಜ್ಞರು ಅದರ ಪಟ್ಟಿಯಲ್ಲಿದ್ದಾರೆ. ರಾಜ್ಯ ಮಂಡಳಿಗಳಲ್ಲಿ ನೋಂದಣಿಗೆ ಅದು ದಾರಿ ಮಾಡಿದೆ. ಇನ್ನು ಮುಂದೆ ನಿಮ್ಮ ಕಾಗದಪತ್ರಗಳನ್ನು ಕೇಳುವವರು ಹೆಚ್ಚಾಗುತ್ತಾರೆ. ಬಸ್ ನಿಲ್ದಾಣದ ಎದುರು ಎರಡು ಕೋಣೆಗಳಲ್ಲಿ ನಡೆಯುವ, ಯಾವ ಮಂಡಳಿಗೂ ವಿಶ್ವವಿದ್ಯಾಲಯಕ್ಕೂ ಸೇರದ 'ಇನ್‌ಸ್ಟಿಟ್ಯೂಟ್' ಕೊಡುವ ಪ್ರಮಾಣಪತ್ರಕ್ಕೆ ಮಾನ್ಯತೆ ಇರುವುದಿಲ್ಲ. ಹಣ ಕಟ್ಟುವ ಮುನ್ನ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನು ನೀವೇ ಹುಡುಕಿ ನೋಡಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಸಂಜೆ ನಾಲ್ಕಕ್ಕೆ ಹಾಸ್ಟೆಲ್ ಬಳಿ ನಿಂತು ಎರಡನೆಯ ವರ್ಷದವರನ್ನು ಹಿಡಿಯಿರಿ. ಕೇಳಬೇಕಾದದ್ದು: ಕಾಲೇಜಿನದೇ ಆಸ್ಪತ್ರೆ ಇದೆಯೇ? ದಿನಕ್ಕೆ ಎಷ್ಟು ಟೇಬಲ್‌ಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ? ನಿಮ್ಮನ್ನು ರೋಗಿಯ ತಲೆಯ ಕಡೆ ನಿಲ್ಲಿಸುತ್ತಾರೋ ಅಥವಾ ಬಟ್ಟೆ ಮಡಿಸಲು, ಸ್ಯಾಂಪಲ್ ಒಯ್ಯಲು ಓಡಿಸುತ್ತಾರೋ? ರಾತ್ರಿ ಪಾಳಿ ಕೊಡುತ್ತಾರೆಯೇ? ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ತಂದೆತಾಯಿಗೆ ಖುಷಿಯಾಗುತ್ತದೆ, ನನಗೆ ಆಗುವುದಿಲ್ಲ. ತುರ್ತು ಸಿಸೇರಿಯನ್, ಕರುಳು ತೂತಾದ ಹೊಟ್ಟೆ, ಹೆದ್ದಾರಿಯ ಅಪಘಾತ ಹಗಲಿನ ವೇಳಾಪಟ್ಟಿಗೆ ಕಾಯುವುದಿಲ್ಲ.

ಪುಸ್ತಕಕ್ಕಿಂತ ಮೊದಲು ಒಂದು ಟ್ಯೂಬ್

ಮೊದಲ ವರ್ಷದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಹೆಚ್ಚಿನವರು ಪಾಸಾಗಲು ಓದಿ ಮರೆಯುತ್ತಾರೆ. ಎಲ್ಲವನ್ನೂ ಸಮನಾಗಿ ಓದಬೇಕಿಲ್ಲ. ಶ್ವಾಸನಾಳ, ಹೃದಯ, ಬೆನ್ನುಹುರಿ, ಕೈಕಾಲುಗಳ ನರಗಳು, ಕೈಯ ರಕ್ತನಾಳಗಳು ಜೀವನವಿಡೀ ಬೇಕಾಗುತ್ತವೆ. ಉಳಿದದ್ದನ್ನು ಪರೀಕ್ಷೆಗೆ ಬೇಕಾದಷ್ಟು ಓದಿದರೆ ನಾನಂತೂ ಬೈಯುವುದಿಲ್ಲ.

ನನ್ನ ಪದ್ಧತಿ ಬೇರೆ: ವಸ್ತುವನ್ನು ಮೊದಲು ಕೈಗೆ ಕೊಟ್ಟು, ಅಧ್ಯಾಯಕ್ಕೆ ಆಮೇಲೆ ಕಳಿಸುತ್ತೇನೆ. ಅವಧಿ ಮುಗಿದ ಒಂದು ಎಂಡೋಟ್ರೇಕಿಯಲ್ ಟ್ಯೂಬ್ (ಉಸಿರಾಟಕ್ಕೆಂದು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸುವ ಕೊಳವೆ) ಕೇಳಿ ಪಡೆಯಿರಿ. ಅದರ ಮೇಲೆ 7.5 ಎಂದು ಬರೆದಿದೆ. ಅದು ಟ್ಯೂಬಿನ ಒಳವ್ಯಾಸ, ಮಿಲಿಮೀಟರ್‌ಗಳಲ್ಲಿ. ವಯಸ್ಕ ಹೆಂಗಸರಿಗೆ ಸಾಮಾನ್ಯವಾಗಿ 7ರಿಂದ 7.5, ಗಂಡಸರಿಗೆ 8ರಿಂದ 8.5. ಮಗುವಿಗಾದರೆ ವಯಸ್ಸನ್ನು ನಾಲ್ಕರಿಂದ ಭಾಗಿಸಿ ನಾಲ್ಕು ಕೂಡಿಸುತ್ತೇವೆ: ಕಫ್ (ತುದಿಯ ಬಳಿ ಊದುವ ಬಲೂನು) ಇಲ್ಲದ ಟ್ಯೂಬಿಗೆ ಇದು ಲೆಕ್ಕ, ನಾಲ್ಕು ವರ್ಷದ ಮಗುವಿಗೆ 5. ಆದರೂ ಅರ್ಧ ಅಳತೆ ಹೆಚ್ಚಿನದೊಂದು, ಕಡಿಮೆಯದೊಂದು ಪಕ್ಕದಲ್ಲಿರಬೇಕು. ಮೈಮೇಲೆ ಉದ್ದಕ್ಕೂ ಸೆಂಟಿಮೀಟರ್ ಗುರುತುಗಳಿವೆ. ಹೆಂಗಸರಲ್ಲಿ ಬಾಯಿಯ ಬಳಿ ಸುಮಾರು 21, ಗಂಡಸರಲ್ಲಿ 23 ಬರುವಂತೆ ಅಂಟಿಸುತ್ತಾರೆ. ಇನ್ನೂ ಒಳಕ್ಕೆ ಹೋದರೆ ಏನಾಗುತ್ತದೆ? ಬಲಗಡೆಯ ಶ್ವಾಸನಾಳಕ್ಕೆ ಜಾರುತ್ತದೆ, ಎಡ ಶ್ವಾಸಕೋಶಕ್ಕೆ ಗಾಳಿ ಇಲ್ಲ. ಬಲಕ್ಕೇ ಏಕೆ? ಇಲ್ಲಿ ಅಂಗರಚನೆಯ ಪುಸ್ತಕ ತೆರೆಯಿರಿ: ಬಲದ ಕವಲು ಅಗಲ, ಹೆಚ್ಚು ನೇರ. ತುದಿಯಲ್ಲಿ ಪಕ್ಕಕ್ಕೆ ಇನ್ನೊಂದು ಸಣ್ಣ ತೂತು ಇದೆ; ಮುಖ್ಯ ಬಾಯಿ ಗೋಡೆಗೆ ಒತ್ತಿಕೊಂಡರೂ ಗಾಳಿ ಹೋಗಲಿ ಎಂದು. ಅದರ ಹೆಸರು ಮರ್ಫಿ ಕಣ್ಣು. ನೀಲಿ ಗೆರೆ ಎಕ್ಸ್‌ರೇಯಲ್ಲಿ ಕಾಣಲು. ಕಫ್ ಊದಿಸಿದಾಗ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಮೀರಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವುದಿಲ್ಲ. ಇಷ್ಟಾಗುವ ಹೊತ್ತಿಗೆ ಒಂದು ಗಂಟೆ ಹೋಗಿರುತ್ತದೆ, ಮೂರು ವಿಷಯಗಳ ಪಾಠ ಆಗಿರುತ್ತದೆ. ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಸಾಧನ), ಸ್ಪೈನಲ್ (ಬೆನ್ನಿಗೆ ಚುಚ್ಚುವ) ಸೂಜಿ, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಎಲ್ಲವನ್ನೂ ಹೀಗೆಯೇ ಓದಿ.

ಅನಿಲಗಳ ವಿಷಯದಲ್ಲಿ ಒಂದು ಹಳೆಯ ವೈವಾ (ಮೌಖಿಕ ಪರೀಕ್ಷೆ) ಪ್ರಶ್ನೆ ಇದೆ, ಪ್ರತಿ ವರ್ಷ ಯಾರಾದರೂ ಸಿಕ್ಕಿಬೀಳುತ್ತಾರೆ. ಆಕ್ಸಿಜನ್ ಸಿಲಿಂಡರಿನ ಮಾಪಕ ತುಂಬಿದಾಗ ಸುಮಾರು 2000 ಪಿಎಸ್‌ಐ (ಒತ್ತಡದ ಅಳತೆ), ಅರ್ಧವಾದಾಗ ಸುಮಾರು 1000. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲದ ಮಾಪಕ 750ರ ಆಸುಪಾಸಿನಲ್ಲಿದೆ, ಹಾಗಾದರೆ ಸಿಲಿಂಡರಿನಲ್ಲಿ ಎಷ್ಟಿದೆ? ಉತ್ತರ: ಮಾಪಕ ನೋಡಿ ಹೇಳಲಾಗದು. ಒಳಗೆ ಅದು ದ್ರವರೂಪದಲ್ಲಿದೆ. ದ್ರವ ಪೂರ್ತಿ ಮುಗಿಯುವವರೆಗೆ ಮುಳ್ಳು ಇಳಿಯುವುದಿಲ್ಲ, ಮುಗಿದ ಕೂಡಲೇ ದಡದಡ ಇಳಿಯುತ್ತದೆ. ತೂಕ ಮಾಡಿಯೇ ತಿಳಿಯಬೇಕು. ಆಕ್ಸಿಜನ್‌ಗೆ ಕಪ್ಪು ಮೈ ಬಿಳಿ ಹೆಗಲು, ನೈಟ್ರಸ್‌ಗೆ ನೀಲಿ. ಆಕ್ಸಿಜನ್‌ನ ಪಿನ್ (ಯಂತ್ರದಲ್ಲಿ ಸಿಲಿಂಡರ್ ಕೂರುವ ಜಾಗದ ಮೊಳೆ) 2 ಮತ್ತು 5ನೆಯ ಸ್ಥಾನದಲ್ಲಿ, ನೈಟ್ರಸ್‌ನದು 3 ಮತ್ತು 5. ಬಣ್ಣ ಕಣ್ಣಿಗೆ ಮೋಸ ಮಾಡಬಹುದು, ಪಿನ್ ಮಾತ್ರ ತಪ್ಪು ಸಿಲಿಂಡರನ್ನು ಕೂರಲು ಬಿಡುವುದಿಲ್ಲ. ಪಿನ್ ಕಿತ್ತು ಬಲವಂತವಾಗಿ ಕೂರಿಸಲು ನೋಡುವ 'ಜಾಣ'ರಿಂದ ದೂರವಿರಿ.

ಥಿಯೇಟರಿನ ಮೊದಲ ದಿನಗಳು

ತಿಂಡಿ ತಿಂದು ಬನ್ನಿ. ತಲೆ ತಿರುಗಿ ಬೀಳುವವರಲ್ಲಿ ಹೆಚ್ಚಿನವರು ರಕ್ತ ಕಂಡು ಬೀಳುವುದಿಲ್ಲ. ಖಾಲಿ ಹೊಟ್ಟೆ, ಬಿಸಿಯಾದ ಮಾಸ್ಕ್, ಮೊಣಕಾಲನ್ನು ಸೆಟೆಸಿ ಅಲುಗಾಡದೆ ನಿಂತದ್ದು, ಇವು ಮೂರೂ ಸೇರಿ ಬೀಳಿಸುತ್ತವೆ. ಬೆವರಿ ಕಿವಿ ಗುಂಯ್‌ಗುಟ್ಟಿದರೆ ಯಾರನ್ನೂ ಕೇಳಬೇಡಿ, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಡಿ. ಕುಳಿತವರನ್ನು ಯಾರೂ ಗೇಲಿ ಮಾಡುವುದಿಲ್ಲ. ಸ್ಟೆರೈಲ್ (ಕ್ರಿಮಿಮುಕ್ತ) ಟ್ರಾಲಿಯ ಮೇಲೆ ಬಿದ್ದವರನ್ನು ಮಾತ್ರ ನಿವೃತ್ತಿಯಾಗುವ ತನಕ ನೆನಪಿಟ್ಟುಕೊಳ್ಳುತ್ತಾರೆ.

ಹಸಿರು ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬೇಡಿ, ಎರಡು ಹಸಿರುಗಳ ನಡುವೆ ನುಸುಳಬೇಡಿ. ಶಸ್ತ್ರವೈದ್ಯರ ಭುಜದ ಮೇಲಿಂದ ಗಾಯವನ್ನು ಇಣುಕುವ ಆಸೆ ಎಲ್ಲರಿಗೂ ಇರುತ್ತದೆ. ನಿಮ್ಮ ಜಾಗ ಅದಲ್ಲ. ರೋಗಿಯ ತಲೆಯ ಬದಿ, ಅರಿವಳಿಕೆ ವೈದ್ಯರ ಬಲಗಡೆ ನಿಲ್ಲಿ. ಅವರು ಕೈ ಚಾಚಿದಾಗ ಕೈಗೆ ಬರಬೇಕಾದ ವಸ್ತು ಯಾವುದೆಂದು ಊಹಿಸುತ್ತಾ ಹೋಗಿ. ಲ್ಯಾರಿಂಗೋಸ್ಕೋಪ್ ಎಡಗೈಗೆ, ಟ್ಯೂಬ್ ಬಲಗೈಗೆ. ಆಮೇಲೆ ಕಫ್‌ಗೆ ಗಾಳಿ, ಸರ್ಕ್ಯೂಟ್, ರೋಗಿಯ ಉಸಿರಿನ ಕಾರ್ಬನ್ ಡೈಆಕ್ಸೈಡ್ ಗೆರೆ ಬಂತೇ ಎಂದು ಮಾನಿಟರ್ ಕಡೆ ಒಂದು ನೋಟ, ಟೇಪ್. ಈ ಸರಣಿ ನಿಮ್ಮ ಕೈಗೆ ಬಂದ ದಿನ ವೈದ್ಯರು ಕೇಳುವುದನ್ನೇ ನಿಲ್ಲಿಸುತ್ತಾರೆ, ಬರೀ ಕೈ ಚಾಚುತ್ತಾರೆ.

ಬೆಳಗಿನ ತಪಾಸಣೆ ರೋಗಿ ಬರುವ ಮುನ್ನ ಮುಗಿದಿರಬೇಕು. ಆಕ್ಸಿಜನ್ ಪೂರೈಕೆ, ಮೀಸಲು ಸಿಲಿಂಡರ್, ಸೋರಿಕೆ, ಅರಿವಳಿಕೆ ದ್ರವವನ್ನು ಆವಿ ಮಾಡುವ ವೇಪರೈಸರ್‌ನಲ್ಲಿ ಔಷಧ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್‌ನ ಬಣ್ಣ, ಲ್ಯಾರಿಂಗೋಸ್ಕೋಪ್ ಬಲ್ಬ್. ಯಂತ್ರ ಪೂರ್ತಿ ಕೈಕೊಟ್ಟರೂ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಇರಲೇಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಗಂಟಲಿನ ದ್ರವವನ್ನು ಎಳೆಯುವ ಸಕ್ಷನ್. ಚಾಲೂ ಮಾಡಿ, ಪೈಪಿನ ಬಾಯಿಗೆ ಬೆರಳಿಟ್ಟು ಎಳೆತ ನೋಡಿ, ತುದಿಯನ್ನು ರೋಗಿಯ ದಿಂಬಿನ ಕೆಳಗೆ ಬಲಬದಿಗೆ ಸಿಕ್ಕಿಸಿ. ವಾಂತಿ ಗಂಟಲಿಗೆ ಬಂದ ಕ್ಷಣದಲ್ಲಿ ಸಕ್ಷನ್ ಹುಡುಕುವ ತಂತ್ರಜ್ಞರಿಗೆ ನಾನು ಕ್ಷಮೆ ಕೊಟ್ಟವಳಲ್ಲ.

ಎಚ್ಚರ ಇರುವ ರೋಗಿ

ಪಠ್ಯಕ್ರಮದಲ್ಲಿ ಇದಕ್ಕೆ ಇರುವ ಜಾಗ ಚಿಕ್ಕದು, ಕೆಲಸದಲ್ಲಿ ದೊಡ್ಡದು. ಹರ್ನಿಯಾ, ಗರ್ಭಕೋಶ, ಕಾಲು ಮುರಿತ, ಸಿಸೇರಿಯನ್: ಇವುಗಳಲ್ಲಿ ಬಹುಪಾಲು ಬೆನ್ನಿಗೆ ಸೂಜಿ ಚುಚ್ಚಿ ನಡೆಯುತ್ತವೆ. ರೋಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಸವಣೂರು ಕಡೆಯ ಒಬ್ಬ ಅಜ್ಜಿ ಎಂದುಕೊಳ್ಳಿ. ಸೊಂಟದ ಮೂಳೆ ಮುರಿದಿದೆ. ಕನ್ನಡಕ, ಹಲ್ಲಿನ ಸೆಟ್ಟು, ತಾಳಿ ಎಲ್ಲ ಹೊರಗೆ ಬಿಟ್ಟು ಬಂದಿದ್ದಾರೆ. ಕಣ್ಣು ಮಂಜು, ಮುಖಗಳೆಲ್ಲ ಮಾಸ್ಕಿನ ಹಿಂದೆ. ವಿದ್ಯಾರ್ಥಿ ಬಂದು 'ಪೊಸಿಷನ್ ಕೊಡಿ, ಅಲ್ಲಾಡಬೇಡಿ' ಎನ್ನುತ್ತಾನೆ. ಅಜ್ಜಿಗೆ ಏನು ಅರ್ಥವಾಗಬೇಕು? ಮಾಸ್ಕನ್ನು ಗದ್ದಕ್ಕೆ ಇಳಿಸುವಂತಿಲ್ಲ, ಹಾಗಾಗಿ ದನಿಯೇ ಮುಖ. ಹೆಸರು ಹಿಡಿದು ಕರೆಯಿರಿ. ಭುಜದ ಮೇಲೆ ಕೈಯಿಡಿ. 'ಅಮ್ಮಾ, ಚಳಿಗೆ ಮುದುಡಿಕೊಂಡು ಮಲಗುವಂತೆ ಮಲಗಬೇಕು. ಗದ್ದ ಎದೆಗೆ, ಮೊಣಕಾಲು ಹೊಟ್ಟೆಗೆ. ನಾನು ಹಿಡಿದುಕೊಂಡಿದ್ದೇನೆ, ಬೀಳುವುದಿಲ್ಲ. ಈಗ ಬೆನ್ನಿಗೆ ತಣ್ಣನೆಯ ಔಷಧ ಹಚ್ಚುತ್ತಾರೆ. ಈಗ ಇರುವೆ ಕಚ್ಚಿದ ಹಾಗಾಗುತ್ತದೆ, ಅಲುಗಾಡಬೇಡಿ.' ಮುರಿದ ಕಾಲು ಮಡಚದು, ಅದನ್ನು ಬೇರೆಯವರು ಆಧರಿಸಿ ಹಿಡಿಯಬೇಕು ಎಂಬುದನ್ನು ಮೊದಲೇ ಯೋಚಿಸಿರಿ. ಔಷಧ ಒಳಹೋದ ಮೇಲೆ ಇನ್ನೊಂದು ಮಾತು ಕಡ್ಡಾಯ: 'ಕಾಲು ಬಿಸಿಯಾಗುತ್ತದೆ, ಆಮೇಲೆ ಜೋಮು ಹಿಡಿದು ಭಾರವಾಗುತ್ತದೆ. ಮೂರು ನಾಲ್ಕು ಗಂಟೆಯಲ್ಲಿ ಮತ್ತೆ ಬರುತ್ತದೆ.' ಇದನ್ನು ಹೇಳದಿದ್ದರೆ ಕಾಲು ಹೋಯಿತೆಂದೇ ಅಜ್ಜಿ ಅಳುತ್ತಾರೆ, ರಕ್ತದೊತ್ತಡದ ಏರಿಳಿತ ಕಂಡು ನೀವು ಔಷಧ ಹುಡುಕುತ್ತೀರಿ.

ಆಗ ಪುಸ್ತಕವನ್ನೂ ನೆನೆಯಿರಿ. ಬೆನ್ನಿಗೆ ಚುಚ್ಚುವ ಔಷಧ 'ಹೆವಿ' ಬುಪಿವಕೇನ್ ಹೆವಿ ಏಕೆ? ಡೆಕ್ಸ್‌ಟ್ರೋಸ್ ಬೆರೆತು ಮಿದುಳುಬಳ್ಳಿಯ ದ್ರವಕ್ಕಿಂತ ಭಾರವಾಗಿದೆ. ತಗ್ಗಿದ ಕಡೆ ಹರಿಯುತ್ತದೆ. ಆದ್ದರಿಂದ ಚುಚ್ಚಿದ ಮೊದಲ ನಿಮಿಷಗಳಲ್ಲಿ ಅರಿವಳಿಕೆ ವೈದ್ಯರು ಹೇಳದೆ ಮೇಜನ್ನು ಓರೆ ಮಾಡಬಾರದು. ಶಸ್ತ್ರವೈದ್ಯರು ಹೇಳಿದರೂ ಮಾಡಬಾರದು, ಮೊದಲು ತಲೆಯ ಕಡೆ ಕೇಳಬೇಕು.

ನಿದ್ದೆ ಹೋದ ರೋಗಿಯ ಕಥೆ ಇನ್ನೊಂದು. ಕೈ ತಿರುಚಿದ್ದರೂ ಅವರು ಹೇಳಲಾರರು. ಕೈಯನ್ನು ಬದಿಗೆ ಚಾಚಿದರೆ ತೊಂಬತ್ತು ಡಿಗ್ರಿ ಮೀರದಿರಲಿ, ಮೀರಿದರೆ ಕಂಕುಳಿನ ನರಗುಚ್ಛ ಎಳೆಯಲ್ಪಡುತ್ತದೆ. ಮೊಣಕೈ ಒಳಬದಿಗೆ ಮೆತ್ತೆ ಇಡಿ. ಲಿಥಾಟಮಿಯಲ್ಲಿ (ಕಾಲುಗಳನ್ನು ಮೇಲೆತ್ತಿ ಅಗಲಿಸಿ ಕಂಬಗಳ ಆಸರೆಗೆ ಇಡುವ ಭಂಗಿ) ಎರಡೂ ಕಾಲುಗಳನ್ನು ಇಬ್ಬರು ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಇಳಿಸಬೇಕು. ಮೊಣಕಾಲ ಹೊರಬದಿಯಲ್ಲಿ ಕಂಬ ಒತ್ತಿದರೆ ಪೆರೋನಿಯಲ್ ನರ ನಲುಗಿ ಎದ್ದ ಮೇಲೆ ಪಾದ ಜೋತುಬೀಳುತ್ತದೆ. ಕಾಟರಿ (ವಿದ್ಯುತ್ತಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಸಾಧನ) ಪ್ಲೇಟ್ ಒಣಗಿದ, ಕೂದಲಿಲ್ಲದ, ಮಾಂಸ ತುಂಬಿದ ಜಾಗಕ್ಕೆ. ಮೂಳೆಯ ಮೇಲೆ, ಹಳೆಯ ರಾಡ್ ಇರುವ ಕಡೆ ಬೇಡ. ತೊಡೆಗೆ ಸ್ಪಿರಿಟ್ ಹರಿದು ಪ್ಲೇಟಿನಡಿ ನಿಂತಿದೆಯೇ ಎಂದು ಬಗ್ಗಿ ನೋಡಿ. ಬಗ್ಗಿ ನೋಡುವ ಈ ಅಭ್ಯಾಸಕ್ಕೆ ಅಂಕ ಕೊಡುವ ಪರೀಕ್ಷೆ ಯಾವುದೂ ಇಲ್ಲ.

ಜೋರಾಗಿ ಓದುವ ಪಟ್ಟಿ

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ 2008ರಲ್ಲಿ ಬಂತು. 19 ಅಂಶಗಳು, ಮೂರು ನಿಲುಗಡೆಗಳು: ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಕೋಣೆ ಬಿಡುವ ಮುನ್ನ. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು ಎಂದು 2009ರ ಜನವರಿಯಲ್ಲಿ ವರದಿಯಾಯಿತು. ಅದು ಕಾಗದದಿಂದ ಆದ ಕೆಲಸವಲ್ಲ, ಬಾಯಿಬಿಟ್ಟು ಕೇಳಿದ್ದರಿಂದ ಆದ ಕೆಲಸ. ಊಟದ ವಿರಾಮದಲ್ಲಿ ಕುಳಿತು ಹಿಂದಿನ ಆರು ಕೇಸುಗಳಿಗೆ ಟಿಕ್ ಹಾಕುವುದನ್ನು ನೀವು ಎಲ್ಲಾದರೂ ನೋಡಿಯೇ ನೋಡುತ್ತೀರಿ. ಕಲಿಯಬೇಡಿ. 'ಯಾವ ಬದಿ?' ಎಂಬ ಪ್ರಶ್ನೆಯನ್ನು ರೋಗಿಗೇ ಕೇಳಿ, ಕೇಸ್ ಶೀಟ್ ನೋಡಿ, ಚರ್ಮದ ಮೇಲಿನ ಗುರುತು ನೋಡಿ. ಮಾಪ್ (ಗಾಯದೊಳಗೆ ರಕ್ತ ಒರೆಸುವ ಬಟ್ಟೆ) ಲೆಕ್ಕ ಹೊಂದದಿದ್ದರೆ ಎಷ್ಟೇ ದೊಡ್ಡ ವೈದ್ಯರಾದರೂ 'ಸರ್, ಒಂದು ಕಡಿಮೆ ಇದೆ' ಎಂದು ಹೇಳುವ ಗಂಟಲು ಬೇಕು. ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿ.

ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಬಗ್ಗೆ ಒಂದೇ ಮಾತು: 121 ಡಿಗ್ರಿ, 15 ಪೌಂಡ್ ಒತ್ತಡ ಎಂದು ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ, ಆದರೆ ಕಟ್ಟಿನ ಮೇಲಿನ ಟೇಪಿನ ಗೆರೆ ಕಪ್ಪಾದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ, ಒಳಗಿನದು ಕ್ರಿಮಿಮುಕ್ತವಾಗಿದೆ ಎಂದಲ್ಲ. ಅದಕ್ಕೇ ಸ್ಪೋರ್ (ಸುಲಭವಾಗಿ ಸಾಯದ ಸೂಕ್ಷ್ಮಜೀವಿ ಕಣ) ಪರೀಕ್ಷೆ ಇರುವುದು. ಕಸದ ಬಣ್ಣಗಳು 2016ರ ನಿಯಮದಲ್ಲಿವೆ: ಹಳದಿಗೆ ಅಂಗಾಂಶ ಮತ್ತು ರಕ್ತ ಹತ್ತಿದ ಹತ್ತಿ, ಕೆಂಪಿಗೆ ಪ್ಲಾಸ್ಟಿಕ್, ಬಿಳಿ ಡಬ್ಬಿಗೆ ಸೂಜಿ, ನೀಲಿಗೆ ಗಾಜು.

ಔಷಧ ಮತ್ತು ನಿಮ್ಮ ಗೆರೆ

ಸಿರಿಂಜಿಗೆ ಔಷಧ ಎಳೆದ ಕೂಡಲೇ ಹೆಸರು, ಪ್ರಮಾಣ ಬರೆದ ಚೀಟಿ ಅಂಟಿಸಿ. ಚೀಟಿ ಇಲ್ಲದ ಸಿರಿಂಜ್ ಯಾರದಾದರೂ ಆಗಿರಲಿ, ಕಸಕ್ಕೆ. ಬಿಳಿಯಾಗಿರುವುದೆಲ್ಲ ನಿದ್ದೆ ಬರಿಸುವ ಪ್ರೊಪೊಫಾಲ್ ಎಂದು ಕಣ್ಣು ಹೇಳಬಹುದು, ಬೆಳ್ಳಗಿರುವ ಬೇರೆ ದ್ರವಗಳೂ ಇವೆ. ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು.

ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ನಿಮ್ಮ ಕೈ ಚುರುಕಾಗಿದೆ ಎಂದು ತಿಳಿದರೆ 'ಡಾಕ್ಟರ್ ಬರುವಷ್ಟರಲ್ಲಿ ನೀನೇ ಶುರು ಮಾಡು' ಎನ್ನುವವರು ಇರುತ್ತಾರೆ. ಅರಿವಳಿಕೆ ಕೊಡುವುದು ಅರಿವಳಿಕೆ ವೈದ್ಯರ ಕೆಲಸ. ನೀವು ಸಿದ್ಧ ಮಾಡಬಹುದು, ನೆರವಾಗಬಹುದು, ಅವರು ಪಕ್ಕದಲ್ಲಿದ್ದು ಹೇಳಿದ್ದನ್ನು ಮಾಡಬಹುದು. ಅವರಿಲ್ಲದೆ ಶುರು ಮಾಡಿ ಎಂದರೆ ಆ ಕೆಲಸ ಬಿಟ್ಟು ಬನ್ನಿ, ಬೇರೆ ಆಸ್ಪತ್ರೆ ಸಿಗುತ್ತದೆ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ಸೀಟು ಸಿಕ್ಕ ವಾರವೇ ಮೊದಲನೆಯದು ಹಾಕಿಸಿಕೊಳ್ಳಿ. ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದಷ್ಟು ಒಳ್ಳೆಯದು, 72 ಗಂಟೆ ಕೊನೆಯ ಗಡುವು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಈ ಗಂಟೆಗಳೇ ಕಳೆದುಹೋಗುತ್ತವೆ.

ಇಂಗ್ಲಿಷಿನ ಭಯ, ಆಮೇಲೆ ಕೆಲಸ

ಕನ್ನಡ ಮಾಧ್ಯಮದವರು ಮೊದಲ ಆರು ತಿಂಗಳು ನರಳುತ್ತಾರೆ, ಅದು ಸಹಜ. ಒಂದು ಕಿಸೆ ಪುಸ್ತಕ ಇಟ್ಟುಕೊಳ್ಳಿ. ಎಡಪುಟದಲ್ಲಿ ಆ ದಿನ ಕೇಳಿದ ಇಂಗ್ಲಿಷ್ ಹೆಸರು, ಬಲಪುಟದಲ್ಲಿ ಅದರ ಕೆಲಸ ಕನ್ನಡದಲ್ಲಿ, ಕೆಳಗೆ ಒಂದು 'ಏಕೆ'. ವೈವಾದಲ್ಲಿ ಪರೀಕ್ಷಕರು ವ್ಯಾಕರಣಕ್ಕೆ ಅಂಕ ಕಳೆಯುವುದಿಲ್ಲ. ವಸ್ತುವನ್ನು ಕೈಗೆತ್ತಿಕೊಂಡು ತೋರಿಸುತ್ತಾ ಮಾತನಾಡಿದರೆ ಎರಡು ತಪ್ಪು ವಾಕ್ಯಗಳಲ್ಲೂ ವಿಷಯ ತಲುಪುತ್ತದೆ. ಹಾಗೆಯೇ, ಚೆನ್ನಾಗಿ ಇಂಗ್ಲಿಷ್ ಬಲ್ಲವರು ರೋಗಿಯ ಮುಂದೆ ತೊದಲುವುದನ್ನೂ ನಾನು ದಿನಾ ನೋಡುತ್ತೇನೆ.

ಮೊದಲ ಸಂಬಳ ನಿಮ್ಮ ಚಿಕ್ಕಪ್ಪ ಊಹಿಸಿದಷ್ಟು ಇರುವುದಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಹೃದಯ, ನರ, ಮಕ್ಕಳ ಶಸ್ತ್ರಚಿಕಿತ್ಸೆಗಳ ಟೇಬಲ್‌ಗಳನ್ನು ಬೇಡಿ ಪಡೆಯಿರಿ. ಸಂಬಳ ಬೆಳೆಯುವುದು ಅಲ್ಲಿಂದ. ಸಂದರ್ಶನದಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ಒಂದು ಅರಿವಳಿಕೆ ಯಂತ್ರದ ಮುಂದೆ ನಿಲ್ಲಿಸಿ 'ಚೆಕ್ ಮಾಡಿ ತೋರಿಸಿ' ಎನ್ನುತ್ತಾರೆ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಪ್ರಮಾಣಪತ್ರಗಳನ್ನು ಡೇಟಾಫ್ಲೋ ಎಂಬ ಪರಿಶೀಲನಾ ಸಂಸ್ಥೆಯ ಮೂಲಕ ಮೂಲ ಸಂಸ್ಥೆಯಲ್ಲೇ ಪರಿಶೀಲಿಸುತ್ತಾರೆ, ಮೇಲೆ ಪರವಾನಗಿ ಪರೀಕ್ಷೆ. ಬ್ರಿಟನ್ನಿನಲ್ಲಿ ಇದೇ ಬಗೆಯ ವೃತ್ತಿಗೆ ಆಪರೇಟಿಂಗ್ ಡಿಪಾರ್ಟ್‌ಮೆಂಟ್ ಪ್ರಾಕ್ಟಿಷನರ್ ಎಂದು ಹೆಸರು. ಅಲ್ಲಿನ ಆರೋಗ್ಯ ವೃತ್ತಿಗಳ ನೋಂದಣಿ ಮಂಡಳಿ ಎಚ್‌ಸಿಪಿಸಿಯಲ್ಲಿ ನೋಂದಣಿಯಾಗದೆ ಆ ಹೆಸರನ್ನು ಬಳಸುವಂತಿಲ್ಲ. ಎಲ್ಲಿಗೆ ಹೋದರೂ ಕೇಳುವುದು ದಾಖಲೆ. ಆದ್ದರಿಂದ ಮಾಡಿದ ಕೇಸುಗಳನ್ನು ಬರೆಯುವ ಲಾಗ್‌ಬುಕ್‌ಗೆ ಆಯಾ ದಿನವೇ ಸಹಿ ಹಾಕಿಸಿ. ಕೋರ್ಸ್ ಮುಗಿದ ಮೇಲೆ ಹುಡುಕಿಕೊಂಡು ಹೋದರೆ ಸಹಿ ಹಾಕಬೇಕಾದ ವೈದ್ಯರು ವರ್ಗಾವಣೆಯಾಗಿ ಕಲಬುರಗಿಗೋ ಕಾರವಾರಕ್ಕೋ ಹೋಗಿರುತ್ತಾರೆ.